ಪ್ರೇಕ್ಷಕರಿಗೆ ನನ್ನ ಬೆನ್ನು

ಫೆಬ್ರವರಿ 3, ಸಂಜೆ

ಇವತ್ತೂ ತಾಲೀಮಿನಲ್ಲಿ ಕುರ್ಚಿ ಜರುಗಿದೆ. ನನ್ನದಲ್ಲ, ಅವಳದು. ನಿನ್ನೆ ಮೇಜಿನ ಪಕ್ಕದಲ್ಲಿತ್ತು, ಇವತ್ತು ಮೇಜಿನ ಹಿಂದೆ. ನೋಡುವವರಿಗೆ ಒಂದು ಗೇಣು. ರಂಗದ ಲೆಕ್ಕದಲ್ಲಿ ಒಂದು ಸಾಮ್ರಾಜ್ಯ. ಅವಳು ಹಿಂದೆ ಸರಿದಷ್ಟೂ ನಾನು ಅವಳತ್ತ ತಿರುಗಿ ಮಾತಾಡಬೇಕು. ಜನಕ್ಕೆ ಅವಳ ಮುಖ, ನನ್ನ ಬೆನ್ನು.

ನಾಟಕದಲ್ಲಿ ಇರುವವರೇ ಇಬ್ಬರು — ಬೇರೆಯಾಗಲು ಹೊರಟ ಗಂಡ, ಹೆಂಡತಿ. ಪ್ರಾಯದಲ್ಲಿ ನಾವಿಬ್ಬರೇ ಆಡಿದ್ದು. ಈಗ ಹಲ್ಲು ಸಡಿಲವಾದ ಮೇಲೆ ಮತ್ತೆ ನಮ್ಮನ್ನೇ ಹಿಡಿದು ತಂದಿದ್ದಾರೆ. ಇದಾದ ಮೇಲೆ ಯಾರೂ ಕರೆಯುವುದಿಲ್ಲ, ಗೊತ್ತು. ಕೊನೆಯದಾಗಿ ಜನ ನೋಡಬೇಕಾದ್ದು ನನ್ನ ಮುಖ. ಬೋಳುತಲೆಯ ಹಿಂಭಾಗವಲ್ಲ.

ಕೇಳಿಯೇಬಿಟ್ಟೆ. "ಏನ್ ತಾಯೀ, ಕುರ್ಚಿಗೆ ಕಾಲು ಬಂದಿದೆಯಾ?"

"ನಾಲ್ಕಿದೆಯಲ್ಲ ಹೀರೋ, ಎಣಿಸ್ಕೋ" ಎಂದಳು ಮಹಾರಾಣಿ. (ನಾನಿಟ್ಟ ಹೆಸರು. ಡೈರಿಯಲ್ಲಿ ಮಾತ್ರ ಬಳಕೆ.)

ಫೆಬ್ರವರಿ 5

ಈಗ ನನ್ನ ಮೀಸೆಯ ಮೇಲೆ ಮಹಾರಾಣಿಯ ಕಣ್ಣು. ಪಾತ್ರಕ್ಕೆಂದೇ ಸಾಕಿದ್ದು — ತುಟಿ ಮುಚ್ಚುವಷ್ಟು, ಘನಗಂಭೀರ.

"ಅದನ್ನ ತೆಗ್ಸು ಮಾರಾಯ. ಮಾತೆಲ್ಲ ಪೊದೆಯೊಳಗೇ ಸಿಕ್ಕಿಹಾಕ್ಕೊಳ್ತಿದೆ."

ನಿರ್ದೇಶಕ, ನಮ್ಮ ಮಕ್ಕಳ ವಯಸ್ಸಿನವನು, ತಕ್ಷಣ "ಮೇಡಂ ಹೇಳೋದು ಸರಿ ಸರ್" ಅಂದ. ಅಂದರೆ ಮೊದಲೇ ಮಾತಾಗಿದೆ!

ಮನೆಯಲ್ಲಿ ನನ್ನವಳಿಗೆ ಪಿತೂರಿಯನ್ನು ಸವಿಸ್ತಾರವಾಗಿ ನಿರೂಪಿಸಿದೆ. ಬಟ್ಟೆ ಮಡಚುತ್ತ ಕೇಳಿದಳು. "ಆ ಮೀಸೆ ನಂಗೂ ಹಿಡಿಸಿಲ್ಲ ಕಣ್ರೀ. ನಾನೂ ಪಿತೂರಿಯಲ್ಲಿದ್ದೀನಾ?"

ನಗಲಿಲ್ಲ. ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಫೆಬ್ರವರಿ 9

ಕರೆಂಟ್ ಹೋಗುವ ದೃಶ್ಯ. ಪೂರ್ತಿ ಕತ್ತಲು, ಬರೀ ಮಾತು. ಮಹಾರಾಣಿಗೆ ಈಗ ಅಲ್ಲೊಂದು ಮೇಣದಬತ್ತಿ ಬೇಕಂತೆ. ಎಲ್ಲಿ? ನನ್ನ ಮುಖದ ಮುಂದೆ!

ಅರೆಗಳಿಗೆ ಹಿಗ್ಗಿದೆ. ಆಮೇಲೆ ಎಚ್ಚರಾಯಿತು. ಬೇಟೆಯವನೂ ಮೊಲದ ಮುಖಕ್ಕೆ ಮೊದಲು ಬೆಳಕನ್ನೇ ಬಿಡುತ್ತಾನೆ.

ಟೀ ಹೊತ್ತಿನಲ್ಲಿ ವಿಚಾರಿಸೋಣವೆಂದು ಹಿಂದಿನಿಂದ ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತಲೇ ಇದ್ದಳು. ದರ್ಪ ಎಂದರೆ ಹಾಗಿರಬೇಕು. ಕಲಿಯುವಂಥದ್ದು.

ಫೆಬ್ರವರಿ 17

ಇಷ್ಟು ದಿನ ಬರೆಯಲಿಲ್ಲ. ಯುದ್ಧಕ್ಕೆ ಮುಂಚೆ ಗುಟ್ಟನ್ನು ಬರೆದಿಡಬಾರದು.

ಮೀಸೆ ಹೋಯಿತು. ನಿರ್ದೇಶಕ, ಮಹಾರಾಣಿ, ನನ್ನವಳು — ಮೂವರೂ ಸೇರಿ ಸೋಲಿಸಿದರು. ಆದರೆ ನಾಳೆ ಆಹ್ವಾನಿತರ ಮುಂದೆ ಪೂರ್ತಿ ಪ್ರದರ್ಶನ. ಕೊನೆಯ ಮಾತಿಗೆ ಎದ್ದು ನಿಲ್ಲುತ್ತೇನೆ. ಜನರತ್ತ ತಿರುಗುತ್ತೇನೆ. ಅವಳ ಕುರ್ಚಿ ಎಲ್ಲಿ ಬೇಕಾದರೂ ತೆವಳಿಕೊಂಡು ಹೋಗಲಿ.

ಫೆಬ್ರವರಿ 18



ನಾಟಕ ಮುಗಿಯುವುದು ಹೀಗೆ: ನಾನು "ಹೊರಡು, ಬಾಗಿಲು ತೆರೆದಿದೆ" ಅನ್ನಬೇಕು. ಅವಳು "ತೆರೆದಿದ್ರೆ ಹಾಕ್ಕೊಂಡು ಬಾ" ಅನ್ನಬೇಕು.

ಎದ್ದೆ. ಸಭೆಯತ್ತ ತಿರುಗಿದೆ. ಎದೆ ತುಂಬಿ ಹೇಳಿದೆ.

ಉತ್ತರವಿಲ್ಲ.

ಸೇಡು, ಎಂದುಕೊಂಡೆ. ಇನ್ನೂ ಗಟ್ಟಿಯಾಗಿ ಹೇಳಿದೆ. ಊಹೂಂ. ಓರೆಗಣ್ಣು ಹಾಯಿಸಿದೆ. ನನ್ನ ಬೆನ್ನನ್ನೇ ನೋಡುತ್ತಿದ್ದಳು, ಕುರ್ಚಿಯ ಕೈ ಬಿಗಿಹಿಡಿದು. ಸೇಡಿನ ಮುಖವಲ್ಲ ಅದು. ಜನಜಂಗುಳಿಯಲ್ಲಿ ಅಮ್ಮನ ಕೈ ತಪ್ಪಿದ ಮಗುವಿನ ಮುಖ.

ಪೂರ್ತಿ ತಿರುಗಿದೆ. ಮೆಲ್ಲಗೆ ಹೇಳಿದೆ, ಬರೀ ತುಟಿಯಲ್ಲಿ ಅನ್ನುವಷ್ಟು. ನನ್ನ ಬಾಯಿ ಮುಚ್ಚುವುದರೊಳಗೆ ಉತ್ತರ ಬಂತು.

ಚಪ್ಪಾಳೆಯೋ ಚಪ್ಪಾಳೆ. ನಿರ್ದೇಶಕ ಓಡಿಬಂದ. "ಸರ್, ಆ ಮೌನ! ಏನ್ ಸರ್ ಅದು! ಹಾಗೇ ಇಟ್ಕೊಳ್ಳೋಣ. ಕೊನೇ ಮಾತೆಲ್ಲ ಜನರ ಕಡೇಗೇ ಹೇಳಿ." ಬದುಕಿಡೀ ಕಾದ ವರ. ತಲೆ ಆಡಿಸಿ ತಪ್ಪಿಸಿಕೊಂಡೆ.

ಬಣ್ಣದ ಕೋಣೆಯಲ್ಲಿ ಅವಳು ಕನ್ನಡಿಯೆದುರು ಮುಖ ಒರೆಸಿಕೊಳ್ಳುತ್ತಿದ್ದಳು. ಪರೀಕ್ಷೆ ಮಾಡೋಣವೆಂದು ಹಿಂದೆ ನಿಂತು, "ನಿನ್ನ ಕುರ್ಚಿಗೆ ಬೆಂಕಿ ಬಿದ್ದಿದೆ" ಎಂದೆ.

"ಕನ್ನಡೀಲಿ ಕಾಣ್ಸುತ್ತೆ ಕಣೋ. ಬೆಂಕಿ ಬಿದ್ದಿದ್ರೆ ನೀನೇ ಮೊದಲು ಓಡಿರ್ತಿದ್ದೆ."

"ಎಷ್ಟು ದಿನದಿಂದ?"

"ಹೋದ ವರ್ಷದಿಂದ. ಮಾತು ಬಾಯಲ್ಲಿ ಕಾಣ್ಬೇಕು ನಂಗೆ."

"ಕಿವಿಗೆ ಮಿಷನ್ ಹಾಕ್ಕೊಳ್ಳೋಕೇನು ಧಾಡಿ?"

"ಹಾಕ್ಕೊಂಡೆ. ಫ್ಯಾನ್ ಕೇಳುತ್ತೆ, ಮುಂದಿನ ಸಾಲಿನವರ ಕೆಮ್ಮು ಕೇಳುತ್ತೆ. ನಿನ್ನ ಮಾತೊಂದು ಬಿಟ್ಟು." ಆಮೇಲೆ ಸಣ್ಣ ದನಿಯಲ್ಲಿ, "ನಿರ್ದೇಶಕನಿಗೆ ಗೊತ್ತಾದ್ರೆ ನಾಳೆನೇ ಬೇರೆಯವಳನ್ನ ತರ್ತಾನೆ. ನಿನ್ನ ಜೊತೆಗಲ್ದೆ ಇದನ್ನ ಇನ್ಯಾರ ಜೊತೆ ಆಡ್ಲಿ?"

ಒಂದು ಅನುಮಾನ ಮಾತ್ರ ಹೋಗುತ್ತಿಲ್ಲ... ಇದೂ ನಾಟಕವಾಗಿದ್ದರೆ? ಅವಳು ಅಷ್ಟು ಒಳ್ಳೆಯ ನಟಿ.

ಫೆಬ್ರವರಿ 19

ನಿರ್ದೇಶಕನ ಹತ್ತಿರ ಹೋಗಿ ಹೇಳಿದೆ — ಜನರ ಕಡೆ ತಿರುಗಲ್ಲ, ಕುರ್ಚಿ ಅವಳಿಟ್ಟಲ್ಲೇ ಇರಲಿ.

"ಯಾಕ್ ಸರ್? ಮುಖ ತೋರ್ಸೋಕೆ ಅಷ್ಟು ಜಗಳ ಆಡಿದ್ರಿ?" ಕಣ್ಣು ಕಿರಿದು ಮಾಡಿದ. ಹುಡುಗನೂ ಅನುಮಾನ ಪಡಲು ಕಲಿತಿದ್ದಾನೆ. ಅವಳತ್ತ ನೋಡಿದ, ನನ್ನತ್ತ ನೋಡಿದ. ಬಾಯಿಗೆ ಬಂದದ್ದು ಆಡಿಬಿಟ್ಟೆ.

"ಮಾತು ಮರೆಯುತ್ತೆ ಕಣಪ್ಪಾ. ಅವಳ ಮುಖ ನೋಡಿದ್ರೆ ನೆನಪಾಗುತ್ತೆ."

ಸಂಜೆಯೊಳಗೆ ಸುದ್ದಿ ಹಬ್ಬಿತು. ಪರದೆಯ ಮರೆಯಲ್ಲಿ ಮಾತು ಹೇಳಿಕೊಡುವವನೊಬ್ಬ ಬಂದು ಕೂತ. ಲೈಟಿನವನು ನನ್ನೊಡನೆ ಒಂದೊಂದೇ ಅಕ್ಷರ ಬಿಡಿಸಿ ಮಾತಾಡಿದ. ನನ್ನವಳು ಊಟದ ನಡುವೆ, "ಬೀಗದ ಕೈ ಎಲ್ಲಿಟ್ಟಿದ್ದೀರಿ ಹೇಳಿ ನೋಡೋಣ" ಅಂದಳು. ಒಂದು ಮಾತೂ ಮರೆಯದ ಮನುಷ್ಯ ನಾನು! ಯಾರ ಹತ್ತಿರ ಹೇಳಿಕೊಳ್ಳಲಿ?

ಫೆಬ್ರವರಿ 20, ಸಂಜೆ, ಬಣ್ಣದ ಕೋಣೆ

ಹೊರಗೆ ಕುರ್ಚಿಗಳು ತುಂಬುತ್ತಿವೆ.

"ನಿರ್ದೇಶಕನಿಗೆ ಏನ್ ಹೇಳ್ದೆ? ಎಲ್ರೂ ನಿನ್ನನ್ನ ಯಾಕೆ ಹಾಗೆ ನೋಡ್ತಿದಾರೆ?" ಎಂದಳು.

"ನನ್ನ ರೂಪಕ್ಕೆ."

ತುಟಿಯನ್ನೇ ನೋಡುತ್ತಿದ್ದಳು. ಬಹಳ ಹೊತ್ತು ನೋಡಿದಳು. ನಂಬಲಿಲ್ಲ. ಕುಂಕುಮಬಣ್ಣದ ಡಬ್ಬಿ ಮುಚ್ಚಿ ನನ್ನ ಕಾಲರ್ ಸರಿಮಾಡಿ ಹೋಗಿ ಕೂತಳು.

ಬೆಲ್ ಹೊಡೆಯಿತು. ಅವಳು ಕಣ್ಣು ಮುಚ್ಚಿ ಕೂತೇ ಇದ್ದಾಳೆ. ಹೋಗಿ, ಎದುರಿಗೆ ನಿಂತು, ಭುಜ ಮುಟ್ಟಿ ಕರೆಯಬೇಕು.