ಯಜಮಾನರ ಹೆಸರು

25-10-1999, ಸೋಮವಾರ
ಬ್ಲೌಸಿನ ತೋಳು ಕತ್ತರಿಸುವುದು ಇವತ್ತಿನ ಪಾಠ. ಎರಡು ಸಲ ತಪ್ಪಿದೆ. ಮನಸ್ಸು ಅಲ್ಲಿರಲಿಲ್ಲ. ಟೀಚರ್ ಕೊಟ್ರವ್ವ ನಾಲ್ಕಕ್ಕೇ ಬಿಟ್ಟರು. ದಾವಣಗೆರೆಯ ನಿಟ್ಟುವಳ್ಳಿಯಿಂದ ನೆಟ್ ಸೆಂಟರ್‌ಗೆ ಓಡುತ್ತಲೇ ಹೋದೆ. ದಸರಾ ಕೆಲಸ ಅಂತ ಅತ್ತೆ ತಿಂಗಳಿಡೀ ಹರಿಹರ ಬಿಟ್ಟು ಕಳಿಸಿರಲಿಲ್ಲ. ನೆಟ್ ಸೆಂಟರ್‌ಗೆ ಹೋಗಿ ನಲವತ್ತು ದಿನವೇ ಆಗಿತ್ತು.

ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಬಕ್ಕೇಶ್ ಇಲ್ಲ. ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿ ಹೋದನಂತೆ. ಈಗ ಓನರ್ ಮಗಳು ಪೂಜಾ ಕೂರುತ್ತಾಳೆ. ಡಿಗ್ರಿ ಓದುವ ಹುಡುಗಿ. ನನ್ನ ಇ-ಮೇಲಿನ ಪಾಸ್‌ವರ್ಡ್ ಹೇಳಿದೆ. ಕೆಂಪು ಅಕ್ಷರ ಬಂತು. ಓದಿ ಹೇಳಿದಳು — ಅಕೌಂಟ್ ಸಸ್ಪೆಂಡ್ ಆಗಿದೆ, ಮೂವತ್ತು ದಿನ ತೆರೆಯದೆ ಬಿಟ್ಟಿದ್ದಕ್ಕೆ. ಸಸ್ಪೆಂಡ್ ಆಗುವುದು ಪೊಲೀಸರು, ಮೇಷ್ಟ್ರು ಅಂದುಕೊಂಡಿದ್ದೆ.

ಮತ್ತೆ ತೆರೆಯಬೇಕಾದರೆ ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಅಕೌಂಟ್ ಮಾಡುವಾಗ ಬಕ್ಕೇಶನೇ ಇಟ್ಟ ಪ್ರಶ್ನೆ. ನಿಮ್ಮ ಗಂಡನ ಹೆಸರೇನು?

ಪಕ್ಕದ ಕುರ್ಚಿಗಳಲ್ಲಿ ಇಬ್ಬರು ಗಂಡಸರು. ಹೆಸರು ಹೇಳಲು ಬಾಯಿ ಬರಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಬಂದೆ.

26-10
ನಿದ್ದೆ ಇಲ್ಲ. ಮಾವನ ಜೊತೆ ಜಗಳವಾಡಿ ನಮ್ಮ ಯಜಮಾನರು ಪುಣೆಗೆ ಹೋಗಿ ಒಂಬತ್ತು ತಿಂಗಳು. ಅಂಚೆ ಕಾಗದ ಬಂದರೆ ಮೊದಲು ಮಾವನ ಕೈಗೆ, ಅವರ ಫೋನ್ ನಂಬರ್ ಇರುವುದೂ ಮಾವನ ಹತ್ತಿರವೇ. ಅದಕ್ಕೇ ಇ-ಮೇಲ್ ಮಾಡಿಸು ಅಂದಿದ್ದರು. ಅವರ ಮೇಲ್ ವಿಳಾಸದ ಚೀಟಿಯನ್ನು ಅತ್ತೆಗೆ ಹೆದರಿ ಒಲೆಗೆ ಹಾಕಿದೆ. ಈಗ ಅದು ಇರುವುದು ಆ ಅಕೌಂಟಿನ ಒಳಗೆ ಮಾತ್ರ.

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದರು. ನಾಲ್ಕನೇ ಕ್ಲಾಸಿಗೆ ಬಿಟ್ಟವಳಿಗೆ ಅದೆಲ್ಲಿ ಬರಬೇಕು. ಬಕ್ಕೇಶ್ ಸಣ್ಣ ದನಿಯಲ್ಲಿ ಓದುತ್ತಿದ್ದ. ನಾನು ನೆಲ ನೋಡುತ್ತಿದ್ದೆ. ಗಂಡನ ಮಾತು ಬೇರೆಯವರ ಬಾಯಲ್ಲಿ... ಆದರೂ ಕೇಳಿಸಿಕೊಳ್ಳುತ್ತಿದ್ದೆ.

27-10, ಬುಧವಾರ
ಹೆಸರು ಚೀಟಿಯಲ್ಲಿ ಬರೆದು ಕೊಟ್ಟೆ. ಇಲ್ಲಿ ಬರೆಯಲು ಈಗಲೂ ಕೈ ಏಳುತ್ತಿಲ್ಲ. ಪೂಜಾ ಟೈಪ್ ಮಾಡಿದಳು. ತಪ್ಪು. ಮನೆತನದ ಹೆಸರು ಸೇರಿಸಿದಳು. ತಪ್ಪು. ಮಾವನ ಹೆಸರನ್ನೂ ಸೇರಿಸಿದಳು. ತಪ್ಪು. ದಿನಕ್ಕೆ ಮೂರೇ ಸಲ.

"ಅಕ್ಕ, ಬೇಜಾರಾಗ್ಬ್ಯಾಡ್ರಿ. ಗಂಡನ ಹೆಸ್ರು ಸರಿಯಾಗಿ ಗೊತ್ತೈತಿಲ್ಲ ನಿಮಗೆ?"

ಪಕ್ಕದವರು ನಕ್ಕರು. ಚೀಟಿ ಹರಿದು ಎದ್ದೆ.

28-10
ಅಟ್ಟದಿಂದ ನನ್ನ ಟ್ರಂಕ್ ಇಳಿದಿದೆ. ದೀಪಾವಳಿಗೆ ನನ್ನ ತವರು ಆನಗೋಡಿಗೆ ಕಳಿಸುತ್ತಾರಂತೆ. ಕರೆದೊಯ್ಯಲು ಅಪ್ಪನಿಗೆ ಹೇಳಿ ಕಳಿಸಿದ್ದಾರೆ. ಹಬ್ಬಕ್ಕೆ ಎರಡು ಸೀರೆ ಸಾಕು. ಅತ್ತೆ ಎಲ್ಲ ಸೀರೆ ಇಟ್ಟರು. ತವರಿನವರು ಕೊಟ್ಟ, ನನ್ನ ಹೆಸರು ಕೊರೆಸಿದ ಪಾತ್ರೆಗಳನ್ನೂ ಇಟ್ಟರು.

ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. "ಹಬ್ಬ ಮುಗಿಸ್ಕೊಂಡು ಅಲ್ಲೇ ಇರವ್ವ. ಅವನು ಬಂದ ಮ್ಯಾಲೆ ನೋಡಾಣ."

ಅವರು ಬರದಿದ್ದರೆ?

29-10, ಶುಕ್ರವಾರ
ಅವರ ಚಿಕ್ಕಂದಿನ ಹೆಸರು. ತಪ್ಪು. ಗೆಳೆಯರು ಕರೆಯುವುದು. ತಪ್ಪು. ಬಕ್ಕೇಶ್ ಪೆದ್ದನಂತೆ ಬರೀ 'ಗಂಡ' ಅಂತ ಹೊಡೆದನೇನೋ ಅಂತ ಅದನ್ನೂ. ತಪ್ಪು. ಅವನ ಫೋನ್ ನಂಬರ್ ಯಾರಲ್ಲೂ ಇಲ್ಲ. ಏಳನೇ ತಾರೀಖು ದಾಟಿದರೆ ಒಳಗಿನ ಕಾಗದವೆಲ್ಲ ಅಳಿಸಿಬಿಡುತ್ತಾರಂತೆ, ಪೂಜಾ ಅಂದಳು. ಇವತ್ತು ಯಾರೂ ನಗಲಿಲ್ಲ.

3-11, ಬುಧವಾರ
ಸೋಮವಾರ ರಾಜ್ಯೋತ್ಸವದ ರಜೆ. ಇವತ್ತು ಬ್ಯಾಗ್ ಹಿಡಿದು ಹೊರಟೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ಊರಿಗೆ ಹೋಗೋಳಿಗೆ ಇನ್ನು ಕ್ಲಾಸ್ ಯಾಕೆ ಅಂದರು. ಒಳಗೆ ಬಂದು ಅಕ್ಕಿ ಆರಿಸಿದೆ.

5-11, ಸಂಜೆ
ಟ್ರಂಕಿನ ಚಿಲಕ ಕೂರುತ್ತಿರಲಿಲ್ಲ. ಅತ್ತೆ ಅದರ ಮೇಲೆ ಮಂಡಿ ಊರಿಕೊಂಡು ಮಾವನನ್ನು ಕರೆದರು. "ಇಲ್ನೋಡ್ರಿ, ಒಂದೀಟು ಒತ್ತ ಬರ್ರಿ."

ಮಡಚುತ್ತಿದ್ದ ಸೀರೆ ಕೈಯಿಂದ ಬಿತ್ತು.

ಅಕೌಂಟ್ ಮಾಡಿಸಿದ ದಿನ ಬಕ್ಕೇಶ್ ಮೂರು ಸಲ ಅವರ ಹೆಸರು ಕೇಳಿದ್ದ. ನಾನು ಗೋಡೆ ನೋಡುತ್ತಾ ಕೂತಿದ್ದೆ. ಹೋಗಲಿ, ಮನೆಯಾಗೆ ಏನಂತ ಕರೀತೀರಿ ಅಂದ. "ಕರೆಯೋದಿಲ್ರಿ. ಇಲ್ನೋಡ್ರಿ ಅಂತೀನಿ." ನಕ್ಕು ಏನೋ ಟಪಟಪ ಹೊಡೆದ. ಅದೇ ಇರಬೇಕು. ಅದೇ.

ನಾಳೆ ಬೆಳಿಗ್ಗೆ ಅಪ್ಪ ಬರುತ್ತಾರೆ. ದಾವಣಗೆರೆಯಲ್ಲಿ ಬಸ್ ಬದಲಿಸಬೇಕು. ಅಷ್ಟೇ ಹೊತ್ತು ನನ್ನದು.

6-11, ಶನಿವಾರ, ಬಸ್ಸಿನಲ್ಲಿ
ಅಕ್ಷರ ಕುಣಿಯುತ್ತಿವೆ. ಆದರೂ ಬರೆಯಬೇಕು.

ಟ್ರಂಕ್ ಸಮೇತ ಅಪ್ಪನನ್ನು ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ, ದಾರ ತರುತ್ತೇನೆ ಅಂದೆ. ಆನಗೋಡು ಬಸ್ಸಿಗೆ ಅರ್ಧ ಗಂಟೆ ಇತ್ತು. ಆಟೋ ಹಿಡಿದೆ. ನೆಟ್ ಸೆಂಟರಿನಲ್ಲಿ ಕರೆಂಟ್ ಇರಲಿಲ್ಲ. ಹತ್ತು ನಿಮಿಷ ನಿಂತೇ ಇದ್ದೆ. ಬಂತು. ಪೂಜಾಗೆ ಹೇಳಿದೆ. ಜನ ಇದ್ದರು, ಜೋರಾಗಿಯೇ ಹೇಳಿದೆ. ಅವಳು ನನ್ನ ಮುಖ ನೋಡಿ ಟೈಪ್ ಮಾಡಿದಳು.

ತೆರೆಯಿತು.

ನಾಲ್ಕು ಕಾಗದ. ಕೊನೆಯದು ಮೊನ್ನೆಯದು. ಅದನ್ನೇ ಮೊದಲು ಓದು ಅಂದೆ. ಓದುತ್ತಾ ಪೂಜಾಳ ದನಿ ಸಣ್ಣಗಾಯಿತು.

"ಅಪ್ಪ ಫೋನ್ ಮಾಡಿದ್ರು. ನೀನೇ ತವರಿಗೆ ಹೋಗ್ತೀನಿ, ಇನ್ನ ಬರಂಗಿಲ್ಲ ಅಂದ್ಯಂತೆ. ಮೂರು ಸಲ ಬರೆದೆ, ಉತ್ರ ಇಲ್ಲ. ನೀನು ಮನೆಯಾಗೆ ಇದ್ರೆ ಹಬ್ಬಕ್ಕೆ ಬಂದು ಕರ್ಕೊಂಡು ಹೋಗ್ತೀನಿ. ಹೋಗಿದ್ರೆ ನಾನು ಬರಲ್ಲ. ಶನಿವಾರ ರಾತ್ರಿ ಬಸ್ಸು ಹೊರಡೋ ತನಕ ನಿನ್ನ ಉತ್ರ ನೋಡ್ತೀನಿ."

ಶನಿವಾರ ಅಂದರೆ ಇವತ್ತು.

ಏನಂತ ಬರೆಯಲಿ ಅಂತ ಕೇಳಿದಳು. ಮನೆಯಲ್ಲೇ ಇದ್ದೀನಿ, ಬರ್ರಿ, ಅಂತ ಬರೆಸಿದೆ. ಕಳಿಸಿಬಿಟ್ಟಳು. ಆಮೇಲೆ ಹೊಳೆಯಿತು, ನಾನು ಮನೆಯಲ್ಲಿಲ್ಲ. ನನ್ನ ಟ್ರಂಕ್ ಬಸ್ ಸ್ಟ್ಯಾಂಡಿನಲ್ಲಿದೆ.

ಆನಗೋಡು ಬಸ್ ಸ್ಟಾರ್ಟ್ ಆಗಿತ್ತು. ಅಪ್ಪ ಟ್ರಂಕ್ ಹತ್ತಿಸಿ ಸೀಟು ಹಿಡಿದಿದ್ದರು. ಇಳಿಸು ಅಂದೆ. ಜೀವಮಾನದಲ್ಲಿ ಅಪ್ಪನಿಗೆ ಹಾಗೆ ಹೇಳಿದವಳಲ್ಲ. ಕಂಡಕ್ಟರ್ ಬೈದ. ಎಲ್ಲ ಹೇಳಿದೆ, ನಿಂತಲ್ಲೇ. ಅಪ್ಪ ಟವಲಿನಿಂದ ಮುಖ ಒರೆಸಿಕೊಂಡರು.

"ಬೀಗರು ಒಳಗೆ ಬಿಡ್ಲಿಲ್ಲ ಅಂದ್ರೆ ಏನ್ ಮಾಡ್ತಿ?"

"ಕಟ್ಟೆ ಮ್ಯಾಲೆ ಕೂಡ್ತೀನಿ."

"ಅವನು ಬರ್ಲಿಲ್ಲ ಅಂದ್ರೆ?"

ಅವರು ನನ್ನ ಮೇಲ್ ನೋಡಿದರೋ ಇಲ್ಲವೋ. ಅಪ್ಪ ಟ್ರಂಕ್ ಇಳಿಸಿ ಇನ್ನೊಂದು ಬಸ್ಸಿಗೆ ಹತ್ತಿಸಿದರು. ಎರಡು ಹರಿಹರ ಅಂತ ಟಿಕೆಟ್ ತೆಗೆಸಿದರು.

ಊರು ಬಂತು. ಕಂಡಕ್ಟರ್ ಲಗೇಜ್ ಇಳಿಸ್ಕೊಳ್ರಿ ಅನ್ನುತ್ತಿದ್ದಾನೆ. ಟ್ರಂಕಿನ ಒಂದು ಕಡೆ ಅಪ್ಪ ಹಿಡಿದಿದ್ದಾರೆ, ಇನ್ನೊಂದು ಕಡೆ ನಾನು ಹಿಡಿಯಬೇಕು.