ಗಲ್ಲದೊಳಗಿನ ಬೆಲ್ಲ

ಮುತ್ಯಾ,

ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಜಮಖಂಡಿ ಬಸ್ಸು ಹಿಡಿದು ಹಾಸ್ಟೆಲಿಗೆ ಹೊರಟಿದ್ದೇನೆ.

ನಿನ್ನೆ ಡಾಕ್ಟರು ನಿನ್ನ ಹಲ್ಲಿನ ಬುಡದ ಹುಳುಕು ಕೆರೆದು ತುಂಬಿದ ಸಿಮೆಂಟು ಇನ್ನೂ ಪೂರ್ತಿ ಗಟ್ಟಿಯಾಗಿಲ್ಲ. ಇವತ್ತು ಅನ್ನ-ಸಾರು ಉಣ್ಣು, ಗರಿಗರಿ ಕಟಕ ರೊಟ್ಟಿ ನಾಳೆಯಿಂದ. ಮಲಗುವ ಮುಂಚೆ ಅವರು ಕೊಟ್ಟ ಪೇಸ್ಟು ಹಚ್ಚಿ ಮೆತ್ತಗೆ ತಿಕ್ಕು. ಮಗ್ಗದಲ್ಲಿ ಲಾಳಿ ಓಡಿಸಿದ ಹಾಗೆ ತಿಕ್ಕಬೇಡ.

"ಮಗ್ಗದ ಧೂಳಾಗ ಗಂಟಲಾ ಒಣಗತೈತ್ರಿ, ಅದಕ್ಕ ಗಲ್ಲದಾಗ ಒಂದ್ ಚೂರ್ ಬೆಲ್ಲಾ ಇಟ್ಕೋತೇನ್ರಿ" ಅಂತ ನೀನೇ ಡಾಕ್ಟರ ಮುಂದೆ ಬಾಯಿಬಿಟ್ಟೆ. ವಸಡು ಸವೆದು ಬರಿದಾದ ಬುಡಕ್ಕೆ ದಿನವಿಡೀ ಬೆಲ್ಲ ಒತ್ತಿಟ್ಟರೆ ಹುಳುಕಾಗದೆ ಇನ್ನೇನಾಗುತ್ತದೆ? ಗಂಟಲು ಒಣಗಿದರೆ ನೀರು ಕುಡಿ. ತಂಬಿಗೆ ತುಂಬಿಸಿ ಮಗ್ಗದ ಪಕ್ಕದಲ್ಲೇ ಇಟ್ಟಿದ್ದೇನೆ.

"ಕಿತ್ತ್ ಒಗೀರಿ, ಪೀಡಾ ಹೋಗ್ಲಿ" ಅಂತ ಮುಂದಿನ ಸಲ ಅವರಿಗೆ ಹೇಳಬೇಡ. ರೊಟ್ಟಿ ಅಗಿಯಲು ನಿನಗೆ ಉಳಿದದ್ದು ಮೇಲೆ-ಕೆಳಗೆ ಕೂಡುವ ಆ ಒಂದು ಜೋಡಿ ಹಲ್ಲು. ಅದೂ ಹೋದರೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾನೆಂದು ನೀನು ದಿನಾ ಅಣಕಿಸುವ ಪಕ್ಕದ ಮನೆಯ ಗಿರಿಮಲ್ಲಪ್ಪಜ್ಜನ ಜೊತೆ ನೀನೂ ಬಟ್ಟಲು ಹಿಡಿದು ಕೂರಬೇಕು. ಅವನು ಆ ದಿನಕ್ಕೇ ಕಾಯುತ್ತಿದ್ದಾನೆ.

ನೂಲಿನ ಬುಟ್ಟಿಯ ತಳದಲ್ಲಿ ಬೆಲ್ಲ ಹುಡುಕಬೇಡ, ಅದು ನನ್ನ ಚೀಲದಲ್ಲಿದೆ. ನನ್ನ ಹಲ್ಲು ಗಟ್ಟಿಯಾಗಿವೆ, ಬಸ್ಸಿನಲ್ಲಿ ತಿನ್ನುತ್ತೇನೆ.

ನಾನು ಹಬ್ಬಕ್ಕೆ ಬಂದಾಗ ನೀನು ರೊಟ್ಟಿ ಕಡಿಯುವ ಸದ್ದು ಗಿರಿಮಲ್ಲಪ್ಪಜ್ಜನ ಮನೆಗೂ ಕೇಳಬೇಕು.

ನಿನ್ನ ಮೊಮ್ಮಗಳು ರಾಜಿ