ಮೊದಲನೆಯ ಪೆಟ್ಟಿನ ಸ್ಕ್ಯಾನ್

ಇಸಳೂರು, ಶಿರಸಿ
೧೯ ಜನವರಿ ೨೦೨೫

ಅಣ್ಣ ಸುಭಾಷನಿಗೆ,

ತಂಗಿ ಶಾಂಭವಿಯ ನಮಸ್ಕಾರ. ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ, ಆದರೆ ಹಾಗೆ ಬರೆಯಲು ಕೈ ಬರುತ್ತಿಲ್ಲ. ನಿನ್ನ ಫೋನು ಎತ್ತದೆ ಸುಮಾರು ಒಂದು ವಾರವಾಯಿತು. ತಡವಾದದ್ದಕ್ಕೆ ಕ್ಷಮಿಸು ಎನ್ನುವುದಿಲ್ಲ, ಬೇಕೆಂದೇ ಎತ್ತಲಿಲ್ಲ. ಫೋನಿನಲ್ಲಿ ನೀನು ನನಗೆ ಒಂದು ಮಾತನ್ನೂ ಪೂರ್ತಿ ಆಡಲು ಬಿಟ್ಟವನಲ್ಲ. ವಾಟ್ಸ್ಯಾಪಿನಲ್ಲಿ ಬರೆದರೆ ಒಂದು ಹೆಬ್ಬೆರಳು ಕಳಿಸಿ ಕೈತೊಳೆದುಕೊಳ್ಳುತ್ತೀಯ. ಕಾಗದಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಯಲ್ಲಾಪುರದ ಕಬಡ್ಡಿ ಟೂರ್ನಮೆಂಟಿನ ಬ್ಯಾನರು ನೋಡಿದೆ. ಶಿರಸಿ ಬಸ್‌ಸ್ಟ್ಯಾಂಡಿನ ಎದುರಿಗೇ ಕಟ್ಟಿಸಿದ್ದೀಯ. ನಡುವೆ ನನ್ನ ಗಂಡ ತೊಡೆ ತಟ್ಟುತ್ತಿರುವ ಫೋಟೋ, ಕೆಳಗೆ ‘ನಮ್ಮ ತಂಡದ ಉಕ್ಕಿನ ಗೋಡೆ ಭರತ್’. ಗೋಡೆಯಂತೆ! ನಿನ್ನ ಗೋಡೆ ಕಿಟಕಿಗೆ ಕಂಬಳಿ ಕಟ್ಟಿಕೊಂಡು ಒಳಗೆ ಮಲಗಿದೆ. ಬೆಳಕು ಬಿದ್ದರೆ ತಲೆ ಸಿಡಿಯುತ್ತದೆ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಮೂಲೆಗೆ ಸರಿಯುತ್ತಾರೆ. ನಾನೀಗ ಪಾತ್ರೆಯಲ್ಲೇ ಅನ್ನ ಬಸಿಯುತ್ತೇನೆ.

ಸಿದ್ದಾಪುರದಲ್ಲಿ ಮೊದಲ ಪೆಟ್ಟು ಬಿದ್ದದ್ದು ನಿನಗೆ ನೆನಪಿದೆ. ಎದುರಾಳಿಯ ಕಾಲು ಹಿಡಿಯಲು ಹಾರಿದಾಗ ಅವನ ಮೊಣಕಾಲು ಇವರ ಕಿವಿಯ ಮೇಲ್ಗಡೆ ಬಡಿಯಿತು. ನೀನೇ ಕಾರಿನಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದೆ, ಅದನ್ನು ಇಲ್ಲ ಎನ್ನುವುದಿಲ್ಲ. ಒಳಗೆ ರಕ್ತ ಬಂದಿಲ್ಲ, ಆದರೆ ತಲೆನೋವು ಪೂರ್ತಿ ಹೋಗುವವರೆಗೆ ಆಟ ಬೇಡ ಎಂದರು ಅಲ್ಲಿಯ ಡಾಕ್ಟರು. ನಿನ್ನ ಕಿವಿಗೆ ಬಿದ್ದದ್ದು ಅರ್ಧ ಮಾತು ಮಾತ್ರ. ರಿಪೋರ್ಟಿನ ಫೋಟೋ ಹೊಡೆದು ಮೊಬೈಲಿನಲ್ಲಿ ಇಟ್ಟುಕೊಂಡೆ.

ಎರಡು ವಾರ ಕಳೆಯುವುದರೊಳಗೆ ಇವರನ್ನು ಹೆಗ್ಗರಣೆಯಲ್ಲಿ ಆಡಿಸಿದೆ. ಅಲ್ಲಿ ಮತ್ತೆ ತಲೆಗೆ ಬಡಿಯಿತು. ನೆತ್ತಿಗೆ ನೀರು ತಟ್ಟಿ, ಲಿಂಬು ಸೋಡಾ ಕುಡಿಸಿ, ಅಂಪೈರಿಗೆ ಮೊಬೈಲು ಹಿಡಿದೆಯಂತೆ. “ಸ್ಕ್ಯಾನ್ ನಾರ್ಮಲ್ ಐತ್ರಿ, ನೋಡ್ರಿಲ್ಲೆ, ಹುಬ್ಬಳ್ಳಿದು!” ಶಿರಸಿಯಲ್ಲಿ ಮೂರನೆಯ ಸಲ ಬಿದ್ದಾಗ ನಾನೂ ಮಗಳು ಅಭಿಜ್ಞಾಳೂ ಅಲ್ಲೇ ಇದ್ದೆವು. ನಾನು ಮ್ಯಾಟಿನ ಅಂಚಿಗೆ ಬಂದು ಕೂಗಾಡಿದೆ. ನೀನು ನನ್ನ ಮುಖಕ್ಕೂ ಅದೇ ಫೋಟೋ ಹಿಡಿದೆ. “ಆಟದಾಗ ಬೀಳೂದು ಇದ್ದದ್ದ ತಂಗಿ. ಏನೂ ಆಗಿಲ್ಲ, ಸುಮ್ನ ಕುಂದ್ರು,” ಎಂದೆ. ಮಗು ನನ್ನ ಸೆರಗು ಹಿಡಿದುಕೊಂಡು ನಿನ್ನನ್ನೇ ನೋಡುತ್ತಿತ್ತು.

ಅಣ್ಣಾ, ಆ ಸ್ಕ್ಯಾನು ಸಿದ್ದಾಪುರದಲ್ಲಿ ಬಿದ್ದ ಪೆಟ್ಟಿನದು. ಹೆಗ್ಗರಣೆಯದಲ್ಲ, ಶಿರಸಿಯದೂ ಅಲ್ಲ. ನಿನ್ನೆಯ ಟಿಕೆಟು ತೋರಿಸಿ ಇವತ್ತು ಬಸ್ಸು ಹತ್ತಿದರೆ ಕಂಡಕ್ಟರು ಸುಮ್ಮನೆ ಬಿಡುತ್ತಾನೆಯೇ? ಇಷ್ಟು ತಿಳಿಯದವನೇನೂ ಅಲ್ಲ ನೀನು. ತಿಳಿದೇ ಮಾಡಿದ್ದೀಯ.

ಗ್ಯಾರೇಜಿನ ಸುದ್ದಿ ನಿನಗೆ ಮುಟ್ಟಿದೆಯೋ ಇಲ್ಲವೋ. ಇವರು ಯಾರದೋ ಸ್ಕೂಟರು ರಿಪೇರಿ ಮಾಡಿ, ಬ್ರೇಕಿನ ನಟ್ಟು ಬಿಗಿಮಾಡದೆ ಕೊಟ್ಟುಬಿಟ್ಟರು. ಪುಣ್ಯಕ್ಕೆ ಆ ಹೆಂಗಸು ಗೇಟು ದಾಟುವ ಮೊದಲೇ ಗೊತ್ತಾಯಿತು. ಮಾಲೀಕ ದಿನಕರ ಹೆಗಡೆಯವರು ಮನೆವರೆಗೆ ಬಂದರು. “ಸಿಟ್ಟು ಮಾಡ್ಕೋಬೇಡಿ ಶಾಂಭವಿ. ಎಂತ ಮಾಡುದು ಹೇಳಿ, ಭರತನ ಕೈಗೆ ಸ್ಪ್ಯಾನರ್ ಕೊಡ್ಲಿಕ್ಕೆ ನಂಗೆ ಹೆದ್ರಿಕೆ ಆಗ್ತದೆ. ಪೂರ್ತಿ ಗುಣ ಆದ್ಮೇಲೆ ಬರ್ಲಿ,” ಎಂದರು. ಇವರು ಒಳಗಿನಿಂದ ಎಲ್ಲ ಕೇಳಿಸಿಕೊಂಡರು. ಕಣ್ಣು ಮುಚ್ಚಿಕೊಂಡೇ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದ ಮನುಷ್ಯನಿಗೆ ಈ ಮಾತು ಕೇಳುವ ಗತಿ ಬಂತು.

ಆಮೇಲೆ ನಾನೇ ಬಸ್ಸಿನಲ್ಲಿ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ನಿನ್ನ ಕಾರು ಬೇಡವಾಗಿತ್ತು. ಈ ಸಲ ನರರೋಗದ ಡಾಕ್ಟರಮ್ಮನ ಹತ್ತಿರ. ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. “ಒಂದ ಸಲ ಹಗೂರ ಪೆಟ್ಟು ಬಿದ್ರ ಬಹಳ ಮಂದಿಗೆ ಒಂದಿಷ್ಟು ವಾರದಾಗ ಆರಾಮ ಆಕ್ಕೈತಿ. ಅದು ಮಾಯೂದ್ರೊಳಗ ಮ್ಯಾಲಿಂದ ಮ್ಯಾಲೆ ಬಿತ್ತಂದ್ರ ಹಂಗಲ್ಲವಾ.” ಸ್ಕ್ಯಾನಿನಲ್ಲಿ ರಕ್ತ ಬಂದಿದ್ದರೆ ಕಾಣುತ್ತದೆ, ಮೂಳೆ ಮುರಿದಿದ್ದರೆ ಕಾಣುತ್ತದೆ, ಮಿದುಳಿನ ಸೂಕ್ಷ್ಮ ಎಳೆಗಳು ಜಗ್ಗಿದ್ದು ಕಾಣುವುದಿಲ್ಲವಂತೆ. ಮರೆವು, ಸಿಟ್ಟು, ನಿದ್ದೆಗೇಡು ಎಲ್ಲ ಅದರದ್ದೇ. ಎಷ್ಟು ಸರಿಹೋಗುತ್ತದೆ ಎಂದು ಕೇಳಿದೆ. ಈಗಲೇ ಹೇಳಲು ಬರುವುದಿಲ್ಲ ಎಂದರು. “ಇನ್ನೊಂದು ಬೀಳದಂಗ ನೋಡ್ಕೊರಿ. ಸದ್ಯಕ್ಕ ಅದೇ ಔಷಧ.”

ಇವರು ಅಲ್ಲೇ ಕೂತು, “ಯಲ್ಲಾಪುರದ್ದೊಂದು ಆಡ್ಲೇನ್ರಿ?” ಎಂದು ಕೇಳಿದರು. ಬೇಡ ಎಂದರು ಡಾಕ್ಟರಮ್ಮ. ಸ್ವಲ್ಪ ಹೊತ್ತಿಗೆ ಇವರು ಮತ್ತೆ ಅದನ್ನೇ ಕೇಳಿದರು. ಮೊದಲು ಕೇಳಿದ್ದು ನೆನಪೇ ಇರಲಿಲ್ಲ.

ಡಾಕ್ಟರಮ್ಮ ಆಟ ಬೇಡವೆಂದದ್ದನ್ನು ಅಂದೇ ನಿನಗೆ ವಾಟ್ಸ್ಯಾಪಿನಲ್ಲಿ ಬರೆದಿದ್ದೆ. ಅದು ಗೊತ್ತಿದ್ದೂ ಹೋದ ಸೋಮವಾರ ನಾನು ಕೆಲಸಕ್ಕೆ ಹೋದ ಹೊತ್ತು ನೋಡಿ ಬಂದು ಹೊಸ ಜರ್ಸಿ ಕೊಟ್ಟು ಹೋಗಿದ್ದೀಯ. ಕಳ್ಳನೂ ಅಷ್ಟು ಲೆಕ್ಕ ಹಾಕಿ ಬರುವುದಿಲ್ಲ. “ಇದೊಂದ ಆಟ ಆಡಿ ಬಿಡು ಭರತ್, ನೀ ಇಲ್ದ ತಂಡ ನಿಲ್ಲಂಗಿಲ್ಲ,” ಎಂದು ಬೆನ್ನು ತಟ್ಟಿದೆಯಂತೆ. ನಿನ್ನ ತಂಡ ನಿಲ್ಲದಿದ್ದರೆ ಬಿದ್ದು ಹೋಗಲಿ. ನನ್ನ ಸಂಸಾರದ ಮೇಲೆ ಯಾಕೆ ಬೀಳಿಸುತ್ತೀಯ? ಜರ್ಸಿಯನ್ನು ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ಒಂದೆರಡು ಅಕ್ಕಿಕಾಳು ಅಂಟಿರಬಹುದು, ಕೊಡವಿಕೋ.

ಯಲ್ಲಾಪುರದ ಸಂಘಟಕರಿಗೆ ಡಾಕ್ಟರಮ್ಮನ ಚೀಟಿ ಮುಟ್ಟಿಸಿದ್ದೇನೆ, ಇವರ ಹೆಸರು ತೆಗೆಯುತ್ತೇವೆ ಎಂದಿದ್ದಾರೆ. ಬ್ಯಾನರನ್ನು ನೀನೇ ಇಳಿಸು, ಇಲ್ಲದಿದ್ದರೆ ನಾನೇ ಏಣಿ ಹಾಕಿ ಹರಿಯುತ್ತೇನೆ, ನೋಡುವವರು ನೋಡಲಿ. ಆ ಫೋಟೋವನ್ನು ಮೊಬೈಲಿನಿಂದ ಅಳಿಸು. ಇಸಳೂರಿಗೆ ಬರಬೇಡ. ಬಂದರೆ ಅಣ್ಣನೆಂದು ಬಾಗಿಲು ತೆಗೆಯುವವಳಲ್ಲ.

ಅವ್ವನ ಕಾಲಿಗೆ ನಮಸ್ಕಾರ. ಅತ್ತಿಗೆಯನ್ನು ಕೇಳಿದೆನೆಂದು ಹೇಳು. ನವೀನನಿಗೆ ನನ್ನ ಆಶೀರ್ವಾದ, ಅವನ ನೆತ್ತಿ ತಣ್ಣಗಿರಲಿ. ಅವನೂ ಈಗ ಮ್ಯಾಟಿಗೆ ಇಳಿದಿದ್ದಾನೆಂದು ಕೇಳಿದೆ. ನಿನ್ನ ಮಗನ ತಲೆಗೆ ಬಡಿದಾಗ ಅಂಪೈರಿಗೆ ಯಾರ ಸ್ಕ್ಯಾನು ತೋರಿಸುತ್ತೀಯ, ಈಗಲೇ ಯೋಚಿಸಿಟ್ಟುಕೋ.

ನಿನ್ನ ತಂಗಿ,
ಶಾಂಭವಿ

ಮತ್ತೊಂದು ಮಾತು: ಬರೆಯಬಾರದು ಎಂದುಕೊಂಡಿದ್ದೆ. ನೀನು ಜರ್ಸಿ ಕೊಟ್ಟು ಹೋದ ಮೇಲೆ ಅಭಿಜ್ಞಾ ಅದನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಅಪ್ಪ ಆಡಬಾರದು ಎನ್ನುವುದು ಎರಡನೆಯ ಕ್ಲಾಸಿನ ಹುಡುಗಿಗೆ ಅರ್ಥವಾಗಿದೆ. ಹುಡುಕಿ ಹುಡುಕಿ ಸಿಗದೆ ಇವರು ಅವಳನ್ನು ದೂಡಿಬಿಟ್ಟರು. ಮದುವೆಯಾದಾಗಿನಿಂದ ಮನೆಯಲ್ಲಿ ದನಿ ಏರಿಸದ ಮನುಷ್ಯ. ಮಗುವಿನ ಹಣೆ ಬಾಗಿಲ ಚೌಕಟ್ಟಿಗೆ ಬಡಿಯಿತು. ವಾಂತಿ ಮಾಡಿಕೊಂಡಳು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಸ್ಕ್ಯಾನ್ ನಾರ್ಮಲ್ ಐತಿ, ಅಣ್ಣಾ. ಒಂದೇ ಪೆಟ್ಟು, ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತಾಳೆ, ಇನ್ನೊಂದು ಬೀಳದಂತೆ ನೋಡಿಕೊಳ್ಳಿ ಎಂದರು. ಅದಕ್ಕೇ ಈಗ ಅವಳನ್ನು ಪಕ್ಕದ ಮನೆಯ ಸೀತಕ್ಕನಲ್ಲಿ ಮಲಗಿಸುತ್ತೇನೆ. ಹೆತ್ತ ಅಪ್ಪನಿಂದ ಮಗಳನ್ನು ಕಾಯುವ ಹಾಗಾಗಿದೆ.

ಮರುದಿನ ಬೆಳಿಗ್ಗೆ ಇವರಿಗೆ ಒಂದೂ ನೆನಪಿರಲಿಲ್ಲ. ಅವಳ ಹಣೆಯ ಬಾವು ಸವರುತ್ತ, “ಇದೇನಾತ ಮಗಳ? ಯಾರ ಏನ್ ಮಾಡಿದ್ರು?” ಎಂದು ಕೇಳಿದರು. ಕಣ್ಣಲ್ಲಿ ನೀರು ತುಂಬಿತ್ತು. ಅಭಿಜ್ಞಾ ಒಮ್ಮೆ ನನ್ನ ಮುಖ ನೋಡಿದಳು.

“ಆಟದಾಗ ಬಿದ್ದೆ ಅಪ್ಪ,” ಎಂದಳು. “ಏನೂ ಆಗಿಲ್ಲ.”